ಕರ್ನಾಟಕದಲ್ಲಿ ‘ದಯಾಮರಣ’ ಜಾರಿಯಾಗಿದೆಯೇ? ರೋಗಿಯ ‘ಬೇಡ’, ವೈದ್ಯರ ‘ನನ್ನಿಂದ ಆಗಲ್ಲ’: ಯಾವ ಮಾತಿಗೆ ಎಷ್ಟು ಬೆಲೆ?

“ಕರ್ನಾಟಕದಲ್ಲಿ ದಯಾಮರಣಕ್ಕೆ ಸರ್ಕಾರದ ಒಪ್ಪಿಗೆ. ಇನ್ನು ಮುಂದೆ ವಾಸಿಯಾಗದ ಕಾಯಿಲೆಯವರಿಗೆ ಡಾಕ್ಟರೇ ಇಂಜೆಕ್ಷನ್ ಕೊಟ್ಟು ಸಾಯಿಸಬಹುದು.” ಈ ಧಾಟಿಯ ಸಂದೇಶ ನಿಮ್ಮ ಮನೆಯ ವಾಟ್ಸಾಪ್ ಗ್ರೂಪಿಗೂ ಬಂದಿರಬಹುದು. ಅದಕ್ಕೆ ಒಬ್ಬರು ಕೈ ಮುಗಿಯುವ ಎಮೋಜಿ ಹಾಕುತ್ತಾರೆ, ಇನ್ನೊಬ್ಬರು ಸಿಟ್ಟಿನದು. ಮನೆಯ ಹಿರಿಯರು ಮಾತ್ರ ಏನೂ ಹೇಳದೆ ಓದಿ ಸುಮ್ಮನಾಗುತ್ತಾರೆ.

ಈ ಸಂದೇಶದ ಮೊದಲ ವಾಕ್ಯ ದಾರಿ ತಪ್ಪಿಸುತ್ತದೆ. ಎರಡನೆಯದು ಪೂರ್ತಿ ಸುಳ್ಳು. ಆದರೆ ‘ಸುಳ್ಳು’ ಎಂದು ಹೇಳಿ ಮುಗಿಸುವ ವಿಷಯ ಇದಲ್ಲ. ಇದರ ಹಿಂದೆ ಒಂದು ನಿಜವಾದ ಪ್ರಶ್ನೆ ಇದೆ: ರೋಗಿಯ ಇಚ್ಛೆ ಒಂದು, ವೈದ್ಯರ ಮನಸ್ಸಾಕ್ಷಿ ಇನ್ನೊಂದು ಎಂದಾದಾಗ ಯಾರ ಮಾತು ನಡೆಯಬೇಕು?

ಆದೇಶದಲ್ಲಿ ನಿಜವಾಗಿ ಏನಿದೆ?

ರಾಜ್ಯದ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಇಲಾಖೆ 2025ರ ಜನವರಿ 30ರಂದು ಒಂದು ಸುತ್ತೋಲೆ ಹೊರಡಿಸಿತು. ಅದು ಹೊಸ ಕಾನೂನಲ್ಲ. ಸುಪ್ರೀಂ ಕೋರ್ಟ್ 2018ರ ಮಾರ್ಚ್ 9ರಂದು ‘ಕಾಮನ್ ಕಾಸ್’ ಪ್ರಕರಣದಲ್ಲಿ ಕೊಟ್ಟ ತೀರ್ಪನ್ನು ಆಸ್ಪತ್ರೆಗಳಲ್ಲಿ ಜಾರಿಗೆ ತರುವ ಕ್ರಮ ಅಷ್ಟೇ. ಘನತೆಯಿಂದ ಸಾಯುವುದೂ ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಎಂದು ಐವರು ನ್ಯಾಯಮೂರ್ತಿಗಳ ಪೀಠ ಅಂದು ಹೇಳಿತ್ತು. ಅದು ವಿಧಿಸಿದ್ದ ಕ್ರಮ ತುಂಬಾ ಜಟಿಲವಾಗಿತ್ತು. ಹಾಗಾಗಿ 2023ರ ಜನವರಿ 24ರಂದು ಕೋರ್ಟೇ ಅದನ್ನು ಸರಳಗೊಳಿಸಿತು.

ಈ ಆದೇಶ ಯಾರಿಗೆ ಅನ್ವಯಿಸುತ್ತದೆ? ವಾಸಿಯಾಗುವ ಭರವಸೆ ಇಲ್ಲದೆ, ವೆಂಟಿಲೇಟರ್‌ನಂಥ ಜೀವರಕ್ಷಕ ಚಿಕಿತ್ಸೆಯ ಮೇಲೆ ಇದ್ದು, ಅದಕ್ಕೂ ದೇಹ ಸ್ಪಂದಿಸದ ರೋಗಿಗೆ. ಅಂಥವರಿಗೆ ಆ ಚಿಕಿತ್ಸೆಯನ್ನು ಹೊಸದಾಗಿ ಶುರುಮಾಡದೆ ಇರಬಹುದು, ಅಥವಾ ಶುರುಮಾಡಿದ್ದನ್ನು ಹಿಂತೆಗೆದುಕೊಳ್ಳಬಹುದು. ನೋವು ಕಡಿಮೆ ಮಾಡುವ ಆರೈಕೆ ನಿಲ್ಲುವುದಿಲ್ಲ. ಇಂಜೆಕ್ಷನ್ ಕೊಟ್ಟು ಸಾಯಿಸುವುದು ಭಾರತದಲ್ಲಿ ಇಂದಿಗೂ ಅಪರಾಧ. ಇದನ್ನು ದಯಾಮರಣ ಎಂದು ತಪ್ಪು ತಿಳಿಯಬೇಡಿ ಎಂದು ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಅವರೂ ಆಗಲೇ ಸ್ಪಷ್ಟಪಡಿಸಿದ್ದರು.

ನಿರ್ಧಾರ ಒಬ್ಬ ವೈದ್ಯರದೂ ಅಲ್ಲ. ಮೊದಲು ಆಸ್ಪತ್ರೆಯ ಪ್ರಾಥಮಿಕ ಮಂಡಳಿ ನೋಡುತ್ತದೆ. ಅದರಲ್ಲಿ ಚಿಕಿತ್ಸೆ ಕೊಡುತ್ತಿರುವ ವೈದ್ಯರು ಮತ್ತು ಕನಿಷ್ಠ 5 ವರ್ಷ ಅನುಭವವಿರುವ ಇಬ್ಬರು ತಜ್ಞರು ಇರುತ್ತಾರೆ. ಅವರು ಒಪ್ಪಿದರೆ ದ್ವಿತೀಯ ಮಂಡಳಿ. ಅದರಲ್ಲಿ ಜಿಲ್ಲಾ ಆರೋಗ್ಯಾಧಿಕಾರಿ ಸೂಚಿಸಿದ ಒಬ್ಬ ವೈದ್ಯರು, ಜೊತೆಗೆ ಮೊದಲ ಮಂಡಳಿಯಲ್ಲಿ ಇರದಿದ್ದ ಇಬ್ಬರು ತಜ್ಞರು. ಎರಡೂ ಮಂಡಳಿಗಳು ಸಾಧ್ಯವಾದಷ್ಟೂ 48 ಗಂಟೆಯೊಳಗೆ ಅಭಿಪ್ರಾಯ ಕೊಡಬೇಕು. ಮನೆಯವರ ಅಥವಾ ರೋಗಿ ಹೆಸರಿಸಿದವರ ಒಪ್ಪಿಗೆ ಬೇಕು. ಜಾರಿಗೆ ಮುನ್ನ ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ಮಂಡಳಿ ಒಪ್ಪದಿದ್ದರೆ ಹೈಕೋರ್ಟಿಗೆ ಹೋಗಬಹುದು.

ಐಸಿಯು ಹೊರಗಿನ ಒಂದು ರಾತ್ರಿ

ಕಾಗದದ ಮೇಲೆ ಇಷ್ಟು ಸ್ಪಷ್ಟವಾಗಿ ಕಾಣುವುದು ಆಸ್ಪತ್ರೆಯಲ್ಲಿ ಯಾಕೆ ಕಷ್ಟವಾಗುತ್ತದೆ? ಒಂದು ಉದಾಹರಣೆ ನೋಡೋಣ. ಇದು ಯಾರದೋ ಒಂದು ಮನೆಯ ಕಥೆಯಲ್ಲ. ರಾಜಾಜಿನಗರದಿಂದ ಕೆಂಗೇರಿಯವರೆಗೆ ಯಾವ ಮನೆಯಲ್ಲಾದರೂ ನಡೆಯಬಹುದು.

ಬಸವೇಶ್ವರನಗರದಲ್ಲಿ 78 ವರ್ಷದ ಒಬ್ಬ ತಾತ. ಶ್ವಾಸಕೋಶದ ಕ್ಯಾನ್ಸರ್, ಕೊನೆಯ ಹಂತ. “ನಂಗೆ ಪೈಪು ಗೀಪು ಹಾಕಿಸ್ಬೇಡಮ್ಮ” ಎಂದು ಮಗಳಿಗೆ ಹತ್ತು ಸಲ ಹೇಳಿದ್ದಾರೆ, ಎಲ್ಲೂ ಬರೆದಿಟ್ಟಿಲ್ಲ. ಒಂದು ರಾತ್ರಿ ಉಸಿರು ಕಟ್ಟುತ್ತದೆ. ಗಾಬರಿಯಲ್ಲಿ ಆಂಬುಲೆನ್ಸ್, ಎಮರ್ಜೆನ್ಸಿ, ವೆಂಟಿಲೇಟರ್. ನಾಲ್ಕು ದಿನ ಕಳೆದರೂ ಸುಧಾರಣೆ ಇಲ್ಲ. ಮಗಳು ಅಳುಕುತ್ತಲೇ ಕೇಳುತ್ತಾಳೆ: “ಅಪ್ಪ ಇದೆಲ್ಲ ಬೇಡ ಅಂದಿದ್ರು ಡಾಕ್ಟ್ರೇ. ತೆಗೆದುಬಿಡೋಕಾಗುತ್ತಾ?” ವೈದ್ಯರು ತಲೆ ತಗ್ಗಿಸುತ್ತಾರೆ: “ನಾನು ಓದಿದ್ದು ಉಳಿಸೋಕೆ ಅಮ್ಮ. ಉಸಿರಾಡ್ತಿರೋರ ಮೆಷೀನ್ ತೆಗೆಯೋದು ನನ್ನ ಕೈಲಾಗಲ್ಲ.” ಅಷ್ಟರಲ್ಲಿ ಅಮೆರಿಕದಿಂದ ಮಗನ ಫೋನ್: “ಖರ್ಚಿನ ಯೋಚನೆ ಬೇಡ. ಏನಾದ್ರೂ ಮಾಡಿ ಅಪ್ಪನ್ನ ಉಳಿಸ್ಕೊಳ್ಳಿ.”

ಇಲ್ಲಿ ಯಾರೂ ಕೆಟ್ಟವರಲ್ಲ. ವೈದ್ಯರ ಹಿಂಜರಿಕೆ ಪ್ರಾಮಾಣಿಕ. ಮಗನ ಪ್ರೀತಿಯೂ ನಿಜ. ಆದರೆ ಮಾತುಕತೆಯಲ್ಲಿ ಎಲ್ಲರ ಮನಸ್ಸೂ ಇದೆ, ಹಾಸಿಗೆಯ ಮೇಲಿರುವವರ ಮನಸ್ಸು ಮಾತ್ರ ಮಗಳ ನೆನಪಿನಲ್ಲಿ ಉಳಿದಿದೆ.

‘ಬೇಡ’ ಎಂಬ ಮಾತಿನ ಬಲ

ಒಳ್ಳೆಯದಕ್ಕೇ ಆದರೂ ರೋಗಿಯ ಒಪ್ಪಿಗೆ ಇಲ್ಲದೆ ವೈದ್ಯರು ಚಿಕಿತ್ಸೆ ಮಾಡಬಹುದೇ? ಸುಪ್ರೀಂ ಕೋರ್ಟ್ ಇದಕ್ಕೆ 2008ರ ಜನವರಿ 16ರಂದು ‘ಸಮೀರಾ ಕೊಹ್ಲಿ’ ಪ್ರಕರಣದಲ್ಲಿ ಉತ್ತರ ಕೊಟ್ಟಿದೆ. 44 ವರ್ಷದ ಮಹಿಳೆಯೊಬ್ಬರು ದೆಹಲಿಯ ಕ್ಲಿನಿಕ್ ಒಂದರಲ್ಲಿ ತಪಾಸಣೆಯ ಲ್ಯಾಪರೋಸ್ಕೋಪಿಗೆ ಒಪ್ಪಿದ್ದರು. ಅವರು ಅರಿವಳಿಕೆಯಲ್ಲಿದ್ದಾಗ ವೈದ್ಯರು ಹೊರಗಿದ್ದ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶ ಮತ್ತು ಅಂಡಾಶಯಗಳನ್ನು ತೆಗೆದರು. ರೋಗಿಗೆ ಅದೇ ಒಳ್ಳೆಯದು ಎಂಬುದು ವೈದ್ಯರ ವಾದ. ಕೋರ್ಟ್ ಒಪ್ಪಲಿಲ್ಲ. ಜೀವಕ್ಕೆ ತಕ್ಷಣದ ಅಪಾಯ ಇರಲಿಲ್ಲ, ರೋಗಿ ವಯಸ್ಕರು, ಅವರು ಎಚ್ಚರವಾಗುವವರೆಗೆ ಕಾದು ಕೇಳಬಹುದಿತ್ತು. ತಾಯಿಯ ಸಹಿ ಮಗಳ ಒಪ್ಪಿಗೆಯಾಗುವುದಿಲ್ಲ ಎಂದು ಹೇಳಿ ಪರಿಹಾರ ಕೊಡಿಸಿತು.

ಇದರ ಸಾರ ಇಷ್ಟು: ಬುದ್ಧಿ ಸ್ವಾಧೀನದಲ್ಲಿರುವ ವಯಸ್ಕ ರೋಗಿ ವಿಷಯ ತಿಳಿದುಕೊಂಡು ‘ಬೇಡ’ ಎಂದರೆ ಬೇಡ. ಆ ನಿರ್ಧಾರ ವೈದ್ಯರಿಗೆ ತಪ್ಪೆನಿಸಿದರೂ ಸರಿ. ಮನವೊಲಿಸಬಹುದು, ಬಲವಂತ ಮಾಡುವಂತಿಲ್ಲ. ಜೀವಕ್ಕೆ ಅಪಾಯವಿದ್ದು, ರೋಗಿ ಪ್ರಜ್ಞೆ ಇಲ್ಲದೆ ಬಂದು, ಅವರ ಇಚ್ಛೆ ಗೊತ್ತಿಲ್ಲದಿದ್ದರೆ ಮಾತ್ರ ವೈದ್ಯರು ಒಪ್ಪಿಗೆಗೆ ಕಾಯದೆ ಚಿಕಿತ್ಸೆ ಶುರುಮಾಡಬಹುದು. ಮಾಡಬೇಕು ಕೂಡ.

‘ಬೇಕು’ ಎಂಬ ಮಾತು ಬೇರೆ

ಹಾಗಾದರೆ ರೋಗಿ ಕೇಳಿದ್ದನ್ನೆಲ್ಲ ವೈದ್ಯರು ಮಾಡಬೇಕೇ? ಇಲ್ಲ. ಇಲ್ಲೇ ಬಹಳ ಮಂದಿ ಎಡವುತ್ತಾರೆ.

ನೆಗಡಿಗೆ ಆಂಟಿಬಯಾಟಿಕ್ ಬರೆದುಕೊಡಿ ಎಂದರೆ ವೈದ್ಯರು ನಿರಾಕರಿಸಬಹುದು. ಸುಸ್ತಿಗೆ ‘ಒಂದು ಗ್ಲೂಕೋಸ್ ಹಾಕಿಬಿಡಿ’ ಎಂದರೂ ಅಷ್ಟೇ. ಹೊಟ್ಟೆಯಲ್ಲಿರುವುದು ಗಂಡೋ ಹೆಣ್ಣೋ ಎಂದು ಕೇಳಿದರೆ ನಿರಾಕರಿಸಲೇಬೇಕು, ಹೇಳಿದರೆ ಅಪರಾಧ. ಉಪಯೋಗವಿಲ್ಲದ, ಅಪಾಯಕಾರಿಯಾದ ಅಥವಾ ಕಾನೂನು ಒಪ್ಪದ ಚಿಕಿತ್ಸೆಯನ್ನು ಕೇಳಿ ಪಡೆಯುವ ಹಕ್ಕು ರೋಗಿಗಿಲ್ಲ. ನಮ್ಮ ದೇಹದ ಮೇಲೆ ನಮಗೆ ಅಧಿಕಾರವಿದೆ. ವೈದ್ಯರ ಕೈಯ ಮೇಲೆ ಅದೇ ಅಧಿಕಾರ ಇಲ್ಲ.

ನಿಜವಾದ ತೊಡಕು ಇವೆರಡರ ನಡುವೆ ಇದೆ. ಕಾನೂನು ಒಪ್ಪುವ, ವೈದ್ಯಕೀಯವಾಗಿ ಸರಿಯಾದ ಚಿಕಿತ್ಸೆಯನ್ನು ರೋಗಿ ಕೇಳುತ್ತಾರೆ. ಆದರೆ ವೈದ್ಯರ ಧರ್ಮವೋ ನಂಬಿಕೆಯೋ ಅದನ್ನು ಒಪ್ಪುವುದಿಲ್ಲ. ಆಗ ಏನು?

ಬೆಳಗಾವಿಯ ಸವಿತಾ ಕಲಿಸಿದ ಪಾಠ

ಈ ಪ್ರಶ್ನೆಗೆ ಕನ್ನಡ ನಾಡಿನ ಒಂದು ಕುಟುಂಬ ಬಹಳ ದೊಡ್ಡ ಬೆಲೆ ತೆತ್ತಿದೆ. ಬೆಳಗಾವಿಯ ದಂತವೈದ್ಯೆ ಸವಿತಾ ಹಾಲಪ್ಪನವರ್ ಗಂಡನ ಜೊತೆ ಐರ್ಲೆಂಡಿನಲ್ಲಿದ್ದರು. 2012ರ ಅಕ್ಟೋಬರ್ 21ರಂದು ಬೆನ್ನುನೋವೆಂದು ಗಾಲ್ವೇ ನಗರದ ವಿಶ್ವವಿದ್ಯಾಲಯ ಆಸ್ಪತ್ರೆಗೆ ಹೋದರು. ಅವರಿಗಾಗ 31 ವರ್ಷ, 17 ವಾರದ ಗರ್ಭಿಣಿ. ಗರ್ಭ ಉಳಿಯುವುದಿಲ್ಲ ಎಂದು ವೈದ್ಯರೇ ಹೇಳಿದರು. ಹಾಗಾದರೆ ಗರ್ಭಪಾತ ಮಾಡಿ ಎಂದು ದಂಪತಿ ಕೇಳಿದರು. ಭ್ರೂಣದ ಹೃದಯ ಇನ್ನೂ ಬಡಿಯುತ್ತಿತ್ತು. ತಾಯಿಯ ಜೀವಕ್ಕೆ ಅಪಾಯ ಎಂದು ಖಚಿತವಾಗದೆ ಗರ್ಭಪಾತ ಮಾಡಲು ಅಲ್ಲಿನ ಕಾನೂನು ಬಿಡುತ್ತಿರಲಿಲ್ಲ. ಇದು ಕ್ಯಾಥೊಲಿಕ್ ದೇಶ ಎಂಬ ಮಾತನ್ನು ತಾನು ಆಡಿದ್ದು ನಿಜ ಎಂದು ಆಸ್ಪತ್ರೆಯ ಸೂಲಗಿತ್ತಿಯೊಬ್ಬರು ಮುಂದೆ ವಿಚಾರಣೆಯಲ್ಲಿ ಒಪ್ಪಿಕೊಂಡರು. ಸೋಂಕು ರಕ್ತಕ್ಕೆ ಏರಿತು. ಅಕ್ಟೋಬರ್ 28ರಂದು ಸವಿತಾ ತೀರಿಕೊಂಡರು.

ಅಲ್ಲಿ ತಪ್ಪಿದ್ದು ಒಂದೇ ಕಡೆ ಅಲ್ಲ. ಸೋಂಕನ್ನು ಸರಿಯಾಗಿ ಗಮನಿಸಲಿಲ್ಲ ಎಂದೂ, ಗರ್ಭಪಾತವೂ ಸೇರಿ ಇದ್ದ ದಾರಿಗಳನ್ನೆಲ್ಲ ರೋಗಿಯ ಮುಂದಿಡಲಿಲ್ಲ ಎಂದೂ 2013ರ ತನಿಖಾ ವರದಿ ಹೇಳಿತು. ಆದರೆ ‘ರೋಗಿಗೆ ಏನು ಬೇಕು, ಏನು ಅಗತ್ಯ’ ಎಂಬುದನ್ನು ಹಿಂದಕ್ಕೆ ತಳ್ಳಿ, ಬೇರೆಯವರ ನಂಬಿಕೆಯ ಮೇಲೆ ನಿಂತ ಕಾನೂನನ್ನು ಮುಂದಿಟ್ಟಾಗ ಏನಾಗಬಹುದು ಎಂಬುದಕ್ಕೆ ಸವಿತಾ ಹೆಸರು ಜಗತ್ತಿನಾದ್ಯಂತ ಗುರುತಾಯಿತು. 2018ರ ಮೇ 25ರ ಜನಮತಗಣನೆಯಲ್ಲಿ ಐರ್ಲೆಂಡಿನ ಶೇ 66ಕ್ಕೂ ಹೆಚ್ಚು ಮತದಾರರು ಗರ್ಭಪಾತಕ್ಕೆ ಅಡ್ಡಿಯಾಗಿದ್ದ ಸಂವಿಧಾನದ ತಿದ್ದುಪಡಿಯನ್ನು ತೆಗೆಯಿರಿ ಎಂದರು.

ಅದೇ ವರ್ಷ ಅಲ್ಲಿ ಬಂದ ಹೊಸ ಕಾನೂನು ವೈದ್ಯರ ಮನಸ್ಸಾಕ್ಷಿಯನ್ನೂ ಮರೆಯಲಿಲ್ಲ. ನಂಬಿಕೆ ಒಪ್ಪದ ವೈದ್ಯರು ಗರ್ಭಪಾತ ಮಾಡದೆ ದೂರ ಉಳಿಯಬಹುದು. ಆದರೆ ಎರಡು ಕಟ್ಟುಪಾಡು: ರೋಗಿಯನ್ನು ಬೇಗ ಬೇರೆ ವೈದ್ಯರಿಗೆ ಒಪ್ಪಿಸುವ ವ್ಯವಸ್ಥೆ ಮಾಡಬೇಕು. ತುರ್ತು ಸ್ಥಿತಿಯಲ್ಲಿ ‘ನನ್ನಿಂದ ಆಗಲ್ಲ’ ಎನ್ನುವಂತಿಲ್ಲ.

ನಮ್ಮಲ್ಲಿ ನಿಯಮ ಏನು?

ಭಾರತೀಯ ವೈದ್ಯರ ವೃತ್ತಿ ನಡತೆಯ 2002ರ ನಿಯಮಾವಳಿ ಈ ವಿಷಯದಲ್ಲಿ ಇನ್ನೂ ಕಟ್ಟುನಿಟ್ಟು. ವೈದ್ಯಕೀಯ ಕಾರಣ ಇರುವಾಗ ಗರ್ಭಪಾತ, ಸಂತಾನಹರಣ ಚಿಕಿತ್ಸೆ, ಗರ್ಭನಿರೋಧ ಇಂಥವನ್ನು ಕೇವಲ ಧಾರ್ಮಿಕ ಕಾರಣಕ್ಕೆ ನಿರಾಕರಿಸುವಂತಿಲ್ಲ ಎಂದು ಅದು ಹೇಳುತ್ತದೆ. ತನಗೆ ಆ ಪರಿಣತಿ ಇಲ್ಲ ಎಂದು ವೈದ್ಯರಿಗೆ ಅನಿಸಿದರೆ ಆ ಮಾತು ಬೇರೆ. ಬಂದವರಿಗೆಲ್ಲ ಚಿಕಿತ್ಸೆ ಕೊಡಲೇಬೇಕೆಂದು ವೈದ್ಯರು ಬದ್ಧರಲ್ಲ, ಆದರೆ ತುರ್ತು ಸ್ಥಿತಿಗೆ ಈ ಮಾತು ಅನ್ವಯಿಸುವುದಿಲ್ಲ. ಒಮ್ಮೆ ರೋಗಿಯನ್ನು ಒಪ್ಪಿಕೊಂಡ ಮೇಲೆ ಸಾಕಷ್ಟು ಮುಂಚೆ ತಿಳಿಸದೆ ಕೈಬಿಡುವಂತಿಲ್ಲ.

ವೈದ್ಯರ ಸ್ವಂತ ನೀತಿ ಬಾಗಿಲಲ್ಲೇ ಅಡ್ಡ ನಿಲ್ಲುವುದೂ ಉಂಟು. ‘ಗಂಡನ ಸಹಿ ತನ್ನಿ’, ‘ಮದುವೆ ಆಗಿದೆಯಾ?’ ಎಂಬ ಪ್ರಶ್ನೆಗಳು ಗೊತ್ತಲ್ಲ? 1971ರ ವೈದ್ಯಕೀಯ ಗರ್ಭಪಾತ ಕಾಯ್ದೆ ಪ್ರಕಾರ ವಯಸ್ಕ ಮಹಿಳೆಗೆ ಬೇಕಾದ್ದು ಅವಳೊಬ್ಬಳ ಒಪ್ಪಿಗೆ. ಕಾಯ್ದೆಯಲ್ಲಿ ಇಲ್ಲದ ಷರತ್ತುಗಳನ್ನು ವೈದ್ಯರು ಹಾಕಬಾರದು ಎಂದು ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರ್ 29ರಂದು ಹೇಳಿದೆ.

ಇವನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ ಒಂದು ಗೆರೆ ಕಾಣುತ್ತದೆ. ವೈದ್ಯರ ಮನಸ್ಸಾಕ್ಷಿಗೆ ಬೆಲೆ ಇದೆ. ಅದು ಅವರ ಕೈಯನ್ನು ಹಿಂದಕ್ಕೆ ಎಳೆಯಬಹುದು, ಆದರೆ ರೋಗಿಯ ದಾರಿಯನ್ನು ಮುಚ್ಚುವಂತಿಲ್ಲ.

ರೋಗಿಯ ಮನಸ್ಸೇ ಗೊತ್ತಿಲ್ಲದಿದ್ದರೆ?

ಸವಿತಾ ಬಾಯಿ ಬಿಟ್ಟು ಕೇಳಿದ್ದರು. ಕೇಳಲೂ ಆಗದವರ ಕಥೆ ಬೇರೆ. ಉತ್ತರ ಕನ್ನಡದ ಹೊನ್ನಾವರ ತಾಲ್ಲೂಕಿನ ಹಳದೀಪುರದ ಅರುಣಾ ಶಾನಭಾಗ ಮುಂಬೈನ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. 1973ರ ನವೆಂಬರ್ 27ರಂದು ನಡೆದ ಹಲ್ಲೆಯಲ್ಲಿ ಅವರ ಮಿದುಳಿಗೆ ತೀವ್ರ ಹಾನಿಯಾಯಿತು. ಆಮೇಲೆ ಸುಮಾರು 42 ವರ್ಷ ಅದೇ ಆಸ್ಪತ್ರೆಯ ಹಾಸಿಗೆಯೇ ಅವರ ಮನೆ. ಅವರಿಗೆ ಊಟ ಕೊಡುವುದನ್ನು ನಿಲ್ಲಿಸಿ, ಶಾಂತಿಯಿಂದ ಹೋಗಲು ಬಿಡಿ ಎಂದು ಪತ್ರಕರ್ತೆ ಪಿಂಕಿ ವಿರಾನಿ ಸುಪ್ರೀಂ ಕೋರ್ಟಿಗೆ ಹೋದರು. ದಶಕಗಳಿಂದ ನೋಡಿಕೊಂಡ ಆಸ್ಪತ್ರೆಯ ಸಿಬ್ಬಂದಿ, ‘ಅವರು ಬದುಕಿರಲಿ, ನಾವು ನೋಡಿಕೊಳ್ಳುತ್ತೇವೆ’ ಎಂದರು. 2011ರ ಮಾರ್ಚ್ 7ರಂದು ಕೋರ್ಟ್ ಸಿಬ್ಬಂದಿಯ ಮಾತನ್ನೇ ಎತ್ತಿ ಹಿಡಿಯಿತು. ಅದೇ ತೀರ್ಪಿನಲ್ಲಿ, ಹೈಕೋರ್ಟಿನ ಅನುಮತಿಯೊಂದಿಗೆ ಜೀವರಕ್ಷಕ ಚಿಕಿತ್ಸೆ ನಿಲ್ಲಿಸುವುದಕ್ಕೆ ಮೊದಲ ಬಾರಿಗೆ ದಾರಿಯನ್ನೂ ತೆರೆಯಿತು. 2015ರ ಮೇ 18ರಂದು ನ್ಯುಮೋನಿಯಾದಿಂದ ಅರುಣಾ ತೀರಿಕೊಂಡರು.

ಆ ನರ್ಸುಗಳ ಸೇವೆಯನ್ನು ಯಾರೂ ಸಣ್ಣದು ಮಾಡಲಾಗದು. ಪಿಂಕಿ ವಿರಾನಿಯ ಕಾಳಜಿಯೂ ಅಷ್ಟೇ ದೊಡ್ಡದು. ಆದರೆ ಆ ಇಡೀ ವಾದದಲ್ಲಿ ‘ಅರುಣಾಗೆ ಏನು ಬೇಕಿತ್ತು?’ ಎಂಬ ಪ್ರಶ್ನೆಗೆ ಉತ್ತರ ಹೇಳಬಲ್ಲವರು ಒಬ್ಬರೂ ಇರಲಿಲ್ಲ. 25ರ ಆಸುಪಾಸಿನ ಆರೋಗ್ಯವಂತ ಹುಡುಗಿ ಇದನ್ನೆಲ್ಲ ಯಾಕೆ ಹೇಳಿಟ್ಟಿರುತ್ತಾಳೆ?

ಮೆಷೀನ್ ಹಾಕದಿರುವುದು, ಹಾಕಿದ್ದನ್ನು ತೆಗೆಯುವುದು

ಮತ್ತೆ ಬಸವೇಶ್ವರನಗರದ ತಾತನ ಹಾಸಿಗೆಯ ಬಳಿಗೆ ಬರೋಣ. ವೆಂಟಿಲೇಟರ್ ಹಾಕದೆ ಇರುವುದಕ್ಕಿಂತ ಹಾಕಿದ್ದನ್ನು ತೆಗೆಯುವುದು ವೈದ್ಯರಿಗೂ ಮನೆಯವರಿಗೂ ಹೆಚ್ಚು ಭಾರ ಎನಿಸುತ್ತದೆ. ‘ನಾನೇ ಸಾಯಿಸಿದೆ’ ಎಂಬ ಭಾವ ಕಾಡುತ್ತದೆ. ವೈದ್ಯಕೀಯ ನೀತಿಶಾಸ್ತ್ರದಲ್ಲಿ ಮಾತ್ರ ಇವೆರಡನ್ನೂ ಸಾಮಾನ್ಯವಾಗಿ ಒಂದೇ ಎಂದು ನೋಡುತ್ತಾರೆ. ಎರಡರಲ್ಲೂ ಸಾವು ಬರುವುದು ಕಾಯಿಲೆಯಿಂದ. ಅಲ್ಲದೆ, ಒಮ್ಮೆ ಹಾಕಿದರೆ ತೆಗೆಯಲೇಬಾರದು ಎಂದಾದರೆ, ಪ್ರಯತ್ನಿಸಿ ನೋಡಬಹುದಾದ ರೋಗಿಗೂ ಹಾಕಲು ಹೆದರಬೇಕಾಗುತ್ತದೆ. ಅದಕ್ಕೇ ‘ಮೂರು ದಿನ ಹಾಕಿ ನೋಡೋಣ, ಸುಧಾರಿಸದಿದ್ದರೆ ಮತ್ತೆ ಕೂತು ಮಾತಾಡೋಣ’ ಎಂದು ಮೊದಲೇ ಒಪ್ಪಿಕೊಳ್ಳುವುದು ಒಳ್ಳೆಯ ದಾರಿ.

ಎರಡು ಮಂಡಳಿಗಳ ವ್ಯವಸ್ಥೆಯ ಉಪಯೋಗವೂ ಇಲ್ಲೇ. ಅದು ರೋಗಿಗೆ ರಕ್ಷಣೆ, ಜೊತೆಗೆ ವೈದ್ಯರ ಮನಸ್ಸಿಗೆ ಆಸರೆ. ಭಾರ ಒಬ್ಬರ ತಲೆಯ ಮೇಲೆ ಬೀಳುವುದಿಲ್ಲ. ಆದರೂ ತನ್ನ ಕೈಯಿಂದ ಆಗದು ಎನ್ನುವ ವೈದ್ಯರು ಅದನ್ನು ಮುಚ್ಚಿಡದೆ ಹೇಳಿ, ಬೇರೆ ವೈದ್ಯರಿಗೆ ಒಪ್ಪಿಸಿದರೆ ಅದು ಪ್ರಾಮಾಣಿಕತೆ. ‘ಕಾನೂನು ಬಿಡಲ್ಲ ಅಮ್ಮ’ ಎಂದು ಸುಳ್ಳು ಹೇಳಿ ಕಳಿಸಿದರೆ ಅದು ಮನಸ್ಸಾಕ್ಷಿಯ ಮಾತಾಗುವುದಿಲ್ಲ.

ದುಡ್ಡಿನ ಮಾತನ್ನೂ ಬಿಡುವಂತಿಲ್ಲ. ಐಸಿಯು ಬಿಲ್ ಕಟ್ಟಲಾಗದೆ ‘ವೈದ್ಯರ ಸಲಹೆಗೆ ವಿರುದ್ಧವಾಗಿ’ ಎಂದು ಸಹಿ ಹಾಕಿ ರೋಗಿಯನ್ನು ಮನೆಗೆ ಕರೆದೊಯ್ಯುವುದು ನಮ್ಮಲ್ಲಿ ಹೊಸದಲ್ಲ. ಅದನ್ನು ರೋಗಿಯ ಆಯ್ಕೆ ಎಂದು ಕರೆಯಲಾಗದು. ಹಾಗೆ ಹೋದವರಿಗೆ ಮನೆಯಲ್ಲಿ ನೋವಿನ ಔಷಧಿಯೂ ಸಿಗದೆ ಹೋಗಬಹುದು. ಚಿಕಿತ್ಸೆ ಬೇಡ ಎಂದರೆ ಆರೈಕೆಯೂ ಬೇಡ ಎಂದಲ್ಲ. ಉಸಿರಾಟದ ಕಷ್ಟ, ನೋವು, ಭಯ ಇವನ್ನು ತಗ್ಗಿಸುವ ಉಪಶಾಮಕ ಆರೈಕೆ ಎಂಬ ವಿಭಾಗವೇ ಇದೆ. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯಲ್ಲಿ ಅದು ಸಿಗುತ್ತದೆ. ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ಮಾರತ್ತಹಳ್ಳಿ ಬಳಿಯ ‘ಕರುಣಾಶ್ರಯ’ ಉಚಿತವಾಗಿ ನೋಡಿಕೊಳ್ಳುತ್ತದೆ.

ನಿಮ್ಮ ಮಾತನ್ನು ಬರೆದಿಡುವುದು ಹೇಗೆ?

ಇದಕ್ಕೆ ‘ಮುಂಗಡ ವೈದ್ಯಕೀಯ ನಿರ್ದೇಶನ’ ಎನ್ನುತ್ತಾರೆ. ರೂಢಿಯಲ್ಲಿ ‘ಲಿವಿಂಗ್ ವಿಲ್’. ಆಸ್ತಿಯ ವಿಲ್‌ಗೂ ಇದಕ್ಕೂ ಸಂಬಂಧವಿಲ್ಲ.

• 18 ತುಂಬಿದ, ಬುದ್ಧಿ ಸ್ವಾಧೀನದಲ್ಲಿರುವ ಯಾರಾದರೂ ಬರೆಯಬಹುದು. ಕಾಯಿಲೆ ಬರುವವರೆಗೆ ಕಾಯಬೇಕಿಲ್ಲ.
• ಯಾವ ಸ್ಥಿತಿಯಲ್ಲಿ ಯಾವ ಚಿಕಿತ್ಸೆ ಬೇಡ ಎಂದು ಸ್ಪಷ್ಟವಾಗಿ ಬರೆಯಿರಿ.
• ನಿಮಗೆ ಮಾತಾಡಲಾಗದಿದ್ದಾಗ ನಿಮ್ಮ ಪರವಾಗಿ ನಿರ್ಧರಿಸಲು ನೀವು ನಂಬುವ ಕನಿಷ್ಠ ಇಬ್ಬರ ಹೆಸರು ಹಾಕಿ.
• ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿ. 2023ರಿಂದ ಇದಕ್ಕೆ ಮ್ಯಾಜಿಸ್ಟ್ರೇಟರ ಸಹಿ ಬೇಕಿಲ್ಲ.
• ಪ್ರತಿಯನ್ನು ನೀವು ಹೆಸರಿಸಿದವರಿಗೆ, ಮನೆಯ ವೈದ್ಯರಿಗೆ ಕೊಡಿ. ಬೀರುವಿನಲ್ಲಿ ಬೀಗ ಹಾಕಿಟ್ಟರೆ ಉಪಯೋಗವಿಲ್ಲ.
• ಮನಸ್ಸು ಬದಲಾದರೆ ಯಾವಾಗ ಬೇಕಾದರೂ ಬರೆದು ಬದಲಿಸಬಹುದು, ರದ್ದು ಮಾಡಬಹುದು.

ಗ್ರೂಪಿನಲ್ಲಿ ಕೇಳುವ ಮೂರು ಮಾತು

‘ಇದಕ್ಕೆ ಸಹಿ ಹಾಕಿದರೆ ಆಸ್ಪತ್ರೆಯಲ್ಲಿ ಸರಿಯಾಗಿ ನೋಡಲ್ಲ.’ ತಪ್ಪು. ನಿಮಗೆ ಮಾತಾಡುವ ಶಕ್ತಿ ಇರುವವರೆಗೆ ಈ ಪತ್ರ ಕೆಲಸವನ್ನೇ ಮಾಡುವುದಿಲ್ಲ. ಆಗ ನಿಮ್ಮ ಬಾಯಿಮಾತೇ ಅಂತಿಮ.

‘ಆಸ್ತಿಗಾಗಿ ಮಕ್ಕಳು ಮುಗಿಸಿಬಿಡುತ್ತಾರೆ.’ ಹೆದರಿಕೆ ಸಹಜ. ಆದರೆ ಮಕ್ಕಳು ಮಾತ್ರ ಹೇಳಿದರೆ ಸಾಲದು, ವೈದ್ಯರ ಎರಡು ಮಂಡಳಿಗಳೂ ಒಪ್ಪಬೇಕು. ನಿಮ್ಮ ಕೈಬರಹ ಇದ್ದಷ್ಟೂ ಬೇರೆಯವರ ಊಹೆಗೆ ಜಾಗ ಕಡಿಮೆ.

‘ವಯಸ್ಸಾಗಿ ಬೇಸರವಾದವರು ಸರ್ಕಾರಕ್ಕೆ ಅರ್ಜಿ ಹಾಕಬಹುದು.’ ಸುಳ್ಳು. ಜೀವರಕ್ಷಕ ಚಿಕಿತ್ಸೆಯ ಪ್ರಶ್ನೆಯೇ ಬಾರದವರಿಗೆ ಈ ಆದೇಶ ಅನ್ವಯಿಸುವುದಿಲ್ಲ. ಮನೆಯ ಹಿರಿಯರೊಬ್ಬರು ‘ನಂಗೆ ಬದುಕು ಸಾಕಾಗಿದೆ’ ಎನ್ನುತ್ತಿದ್ದರೆ ಅವರಿಗೆ ಬೇಕಾದ್ದು ಈ ಪತ್ರ ಅಲ್ಲ, ಜೊತೆ ಮತ್ತು ಚಿಕಿತ್ಸೆ. ಸರ್ಕಾರದ ‘ಟೆಲಿ ಮಾನಸ್’ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು.

ಮುಂದಿನ ಸಲ ಆ ‘ದಯಾಮರಣ’ದ ಫಾರ್ವರ್ಡ್ ಬಂದರೆ ‘ಇದು ಸುಳ್ಳು’ ಎಂದು ತಿಳಿಸಿ. ಆಮೇಲೆ ಫೋನ್ ಪಕ್ಕಕ್ಕಿಟ್ಟು ಮನೆಯಲ್ಲಿ ಒಂದು ಮಾತು ಕೇಳಿ: “ಅಪ್ಪ, ಅಮ್ಮ, ಅಂಥ ಸಮಯ ಬಂದ್ರೆ ನಿಮಗೆ ಏನು ಬೇಕು, ಏನು ಬೇಡ?” ಕೇಳುವುದು ಅಪಶಕುನ ಎನಿಸಬಹುದು. ಆದರೆ ಈ ಮಾತನ್ನು ಊಟದ ಹೊತ್ತಿನಲ್ಲಿ ಕೇಳದಿದ್ದರೆ, ಐಸಿಯು ಬಾಗಿಲಲ್ಲಿ ಗೊತ್ತಿಲ್ಲದ ವೈದ್ಯರು ಕೇಳುತ್ತಾರೆ. ಆಗ ಉತ್ತರ ಹೇಳಬೇಕಾದವರಿಗೆ ಮಾತಾಡುವ ಶಕ್ತಿ ಇರುವುದಿಲ್ಲ.